ಮನೆ ಮುಂದೆ ಕಂದಾಯದ ತಮಟೆ

ಮನೆ ಕಂದಾಯ ವಸೂಲಿಗೆ ಹೋಗುವವರು ನಗಬೇಕೆಂದರೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ತುಮಕೂರಿನ ಒಂದು ಬೀದಿ ಸುತ್ತಿ ಬಂದರೆ ಸಾಕು. ಬಿಲ್ ಕಲೆಕ್ಟರ್ ಆದ ನನಗೆ ಆ ಭಾಗ್ಯ ದಿನಾ ಸಿಗುತ್ತದೆ.

ಬೇಸಿಗೆ ಶುರುವಾಗುವ ಹೊತ್ತಿಗೇ ನಮ್ಮ ವಾರ್ಡಿನ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತು. "ಹೊಸದಕ್ಕೆ ದುಡ್ಡಿಲ್ಲಮ್ಮ. ನಿಮ್ಮ ವಾರ್ಡಿನ ಹಳೇ ಬಾಕಿ ಪೂರ್ತಿ ಬಂದ್ರೆ ಅದ್ರಲ್ಲೇ ತರ್ಸೋಣ," ಎಂದರು ನಮ್ಮ ಪಾಲಿಕೆಯ ಸಾಹೇಬರು. ಖಾಲಿ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರಿಗೆ ನಾನು, "ಯುಗಾದಿ ಎಣ್ಣೆಸ್ನಾನಕ್ಕೆ ನಲ್ಲಿ ನೀರೇ ಬರುತ್ತೆ, ಬರ್ಕೊಳಿ," ಎಂದುಬಿಟ್ಟೆ. ಹೇಳಿದ ಮೇಲೆ ಮುಗಿಯಿತು, ನಾನು ಸೋಲುವವಳಲ್ಲ.

ಗುಬ್ಬಿಯ ಮಾಲೀಕ

ಎರಡಂತಸ್ತಿನ ಮನೆ. ಬಾಗಿಲು ತೆಗೆದವರು ನನ್ನ ಕೈಯಲ್ಲಿದ್ದ ನೋಟಿಸು ನೋಡಿದ್ದೇ, "ನಾವು ಬಾಡಿಗೆಗಿದೀವಿ ಮೇಡಂ. ಓನರ್ ಗುಬ್ಬಿಲಿ ಅವ್ರೆ, ಅಲ್ಲೇ ಹೋಗಿ ಕೇಳಿ," ಎಂದರು. ನಂಬಿ ವಿಳಾಸ ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಹಡಿಯಿಂದ ಒಬ್ಬರು ಇಳಿದು ಬಂದು, "ಓನರ್ ಸಾರ್, ಈ ತಿಂಗಳ ಬಾಡಿಗೆ," ಎಂದು ಬಾಗಿಲು ತೆಗೆದವರಿಗೇ ನೋಟು ಚಾಚಿದರು.

ನಾನೇ ಕೈ ಒಡ್ಡಿದೆ. "ಇಲ್ಲಿ ಕೊಡಿ, ಹೆಂಗೂ ಗುಬ್ಬಿಗೆ ಹೊರಟಿದೀನಿ."

ಅಜ್ಜಿಯ ನ್ಯಾಯ

ಆ 'ಗುಬ್ಬಿ' ಮಾಲೀಕರೇನೋ ಕಟ್ಟಿದರು, ಉಳಿದವರು ಜಗ್ಗಲಿಲ್ಲ. ಸಾಹೇಬರು ತಮಟೆಯವರನ್ನು ಕಳಿಸಿದರು. ಬಾಕಿದಾರರ ಮನೆ ಮುಂದೆ ನಿಂತು ಬಾರಿಸಿದರೆ ಮರ್ಯಾದೆಗೆ ಅಂಜಿಯಾದರೂ ಕಟ್ಟುತ್ತಾರೆ ಎಂಬ ಲೆಕ್ಕ.

ಬೀದಿಗೆ ಕಾಲಿಡುತ್ತಲೇ ಒಬ್ಬ ಅಜ್ಜಿ ಅಡ್ಡ ಬಂದರು. ಪ್ರತಿವರ್ಷ ಎಲ್ಲರಿಗಿಂತ ಮೊದಲು ಕಂದಾಯ ಕಟ್ಟುವವರು, ಹೆಬ್ಬೂರು ಕಡೆಯವರು.

"ಏನವ್ವಾ, ಕಟ್ದೆ ಇರೋರ್ಗೆ ತಮಟೆ, ನಿಯತ್ತಾಗಿ ಕಟ್ಟೋಳ್ಗೆ ಏನೂ ಇಲ್ವಾ? ನಮ್ಮನೆ ಮುಂದೂ ಬಾರ್ಸು!"

ಎಷ್ಟು ಹೇಳಿದರೂ ಬಿಡಲಿಲ್ಲ. ಅಜ್ಜಿಯ ಸಂತೋಷಕ್ಕೆ ಜೋರಾಗಿಯೇ ಬಾರಿಸಿದರು. ಅಕ್ಕಪಕ್ಕದವರೆಲ್ಲ ಕಿಟಕಿಯಿಂದ ಇಣುಕಿ ನೋಡಿದರು. ಸಂಜೆಯೊಳಗೆ ಇಡೀ ಬೀದಿ ನಮ್ಮ ಕೌಂಟರಿನ ಮುಂದೆ ಸಾಲು ನಿಂತಿತ್ತು.

"ಮೊದ್ಲೇ ಕಟ್ಟೋ ಆ ಅಜ್ಜಿನೇ ನೀವು ಬಿಡ್ಲಿಲ್ಲ ಅಂದ್ಮೇಲೆ ನಮ್ಮನ್ನ ಬಿಡ್ತೀರಾ?" ಎಂದರು ಸಾಲಿನಲ್ಲಿದ್ದವರು.

ಕುಣಿಗಲ್ ಸಂಬಂಧ

ವಾರ್ಡಿನಲ್ಲಿ ಇನ್ನು ಉಳಿದದ್ದು ಒಂದೇ ದೊಡ್ಡ ಬಾಕಿ, ಕೊಬ್ಬರಿ ವ್ಯಾಪಾರಿಯೊಬ್ಬರದು. ಅದು ಬಂದರೆ ಮೋಟರ್, ಬರದಿದ್ದರೆ ಬಿಂದಿಗೆ ಹಿಡಿದವರಿಂದ ನನಗೆ ಮಂಗಳಾರತಿ. ನಾವು ತಮಟೆ ಸಮೇತ ಹೋದ ದಿನವೇ ಅವರ ಮಗಳನ್ನು ನೋಡಲು ಕುಣಿಗಲ್‌ನಿಂದ ಗಂಡಿನ ಕಡೆಯವರು ಬಂದಿದ್ದರು. ಅದು ನಮಗೇನು ಗೊತ್ತು? ತಮಟೆ ಶುರುವಾಯಿತು.

ವ್ಯಾಪಾರಿ ಹಿತ್ತಲ ಬಾಗಿಲಿಂದ ಓಡಿ ಬಂದರು. "ತಾಯಿ, ಮಾನ ಕಳೀಬೇಡಿ! ಇದು ಅವರ ಸ್ವಾಗತಕ್ಕೆ ಕರೆಸಿರೋ ವಾದ್ಯ ಅಂತ ಒಳಗೆ ಹೇಳಿ ಬಂದಿದೀನಿ."

"ಬಾಕಿ ಕಟ್ಟಿ, ಈಗಲೇ ನಿಲ್ಲಿಸ್ತೀವಿ," ಎಂದೆ.

ನಿಂತಲ್ಲೇ ಫೋನಿನಲ್ಲಿ ಪೂರ್ತಿ ಕಟ್ಟಿದರು. ನನಗಂತೂ ಕಣ್ಣೆದುರು ನಲ್ಲಿ ನೀರೇ ಸುರಿದ ಹಾಗಾಯಿತು. ನಿಲ್ಲಿಸಿ ಎಂದು ತಮಟೆಯವರಿಗೆ ಸನ್ನೆ ಮಾಡಿದೆ.

"ಅಯ್ಯೋ, ನಿಲ್ಲಿಸ್ಬೇಡಿ! ಸ್ವಾಗತ ಅಂದಿದೀನಲ್ಲ, ಇನ್ನೊಂದ್ ಸ್ವಲ್ಪ ಬಾರ್ಸಿ!"

ಅಷ್ಟರಲ್ಲಿ ಗಂಡಿನ ತಂದೆ ಹೊರಗೆ ಬಂದರು. ತಮಟೆ ನೋಡಿದರು, ನನ್ನ ಕೈಯಲ್ಲಿದ್ದ ನೋಟಿಸು ನೋಡಿದರು. ವ್ಯಾಪಾರಿಯ ಮುಖ ಬಿಳುಚಿಕೊಂಡಿತು. ಸಂಬಂಧ ಮುರಿಯಿತೆಂದು ನನಗೂ ಪಾಪ ಅನ್ನಿಸಿತು.

ಅವರು ಸೀದಾ ಬಂದು ವ್ಯಾಪಾರಿಯ ಹೆಗಲ ಮೇಲೆ ಕೈ ಹಾಕಿದರು.

"ಮುಚ್ಚಿಡೋದ್ಯಾಕೆ ಬೀಗ್ರೇ? ಹೋದ ವಾರ ನಮ್ಮನೆ ಮುಂದೂ ಹಿಂಗೇ ಬಾರ್ಸಿದ್ರು. ಸರಿಸಮನಾದ ಮನೆತನ ಸಿಕ್ತು, ತಾಂಬೂಲ ತರ್ಸಿ!"