ಆಕಾಶದ ಕರಿಗೆರೆಗೆ ಮೂರು ಕಾರಣ

ನಮ್ಮ ಚಿಕ್ಕಪ್ಪನ ಮುಖವನ್ನು ನೆಟ್ಟಗೆ ನೋಡಿದವರು ಜಯನಗರದಲ್ಲಿ ತೀರಾ ಕಡಿಮೆ! ಗಲ್ಲದ ಅಡಿಭಾಗವನ್ನು ಮಾತ್ರ ಎಲ್ಲರೂ ನೋಡಿದ್ದರು. ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಅವರ ತಲೆ ತಾನಾಗಿ ಹಿಂದಕ್ಕೆ ವಾಲಿ ಕಣ್ಣು ಆಕಾಶಕ್ಕೆ ಹೋಗುತ್ತಿತ್ತು. ಅಲ್ಲೇನು ದೇವರು ಕಾಣುತ್ತಿದ್ದನೆ? ಇಲ್ಲ, ವಿಮಾನ ಎಳೆದು ಹೋದ ಬಿಳಿ ಗೆರೆ ಕಾಣುತ್ತಿತ್ತು.

ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವುದು ಅವರ ಕೆಲಸ. ದಿನವೆಲ್ಲ ಗೆರೆ ಎಳೆದವರಿಗೆ ಸಂಜೆಗೂ ಗೆರೆಯೇ ಬೇಕೆ ಎಂದು ಅಮ್ಮ ಗೊಣಗುತ್ತಿದ್ದಳು. ಆಗ ನಮ್ಮ ಬಡಾವಣೆ ಅರ್ಧ ಹೊಲ, ಅರ್ಧ ಸೈಟು. ರಸ್ತೆಗಿಂತ ಚರಂಡಿಗೆಂದು ತೋಡಿದ ಗುಂಡಿಗಳೇ ಹೆಚ್ಚು. ಮೇಲೆ ನೋಡಿಕೊಂಡು ನಡೆಯುವವರ ಗತಿ ಏನಾಗಬೇಕೋ ಅದೇ ಆಯಿತು. ಒಂದೇ ಗುಂಡಿಗೆ ಎರಡು ಸಲ ಬಿದ್ದರು! ಎರಡನೆಯ ಸಲ ಹಾಲಿನವನು ಕೈಕೊಟ್ಟು ಎತ್ತಿದ. ಪೆಟ್ಟಾಯಿತೇ ಎಂದು ಅವನು ಕೇಳಿದರೆ, ಗೆರೆ ನಡುವೆ ತುಂಡಾಗಿದೆ ನೋಡಿದೆಯಾ ಎಂದು ಇವರು ಕೇಳಿದರಂತೆ. ಯಾಕೆ ತುಂಡಾಯಿತು ಎಂದು ಅವನು ಬಾಯಿ ಬಿಟ್ಟದ್ದೇ ತಪ್ಪು. ಗುಂಡಿಯ ಅಂಚಿನಲ್ಲಿ ಕುಳಿತೇ ಮೂರು ಕಾರಣ ಕೊಟ್ಟರು. ಅಷ್ಟು ಜಾಗದಲ್ಲಿ ಗಾಳಿ ಒಣಗಿರಬಹುದು, ಇಲ್ಲವೆ ವಿಮಾನ ತುಸು ಕೆಳಗಿಳಿದು ಮತ್ತೆ ಏರಿರಬಹುದು, ಅದೂ ಅಲ್ಲದಿದ್ದರೆ ಪೈಲಟ್ ಇಂಜಿನ್ನಿನ ಜೋರು ತಗ್ಗಿಸಿರಬಹುದು. ಅಂದು ನಮ್ಮ ಬೀದಿಗೆ ಹಾಲು ಬಂದಾಗ ಒಂಬತ್ತು ಗಂಟೆ.

ಗೆರೆಯನ್ನು ಹೊಗೆ ಎಂದವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಏಳುತ್ತದಲ್ಲ, ಅಂಥ ಹಬೆಯೇ ಅದು, ಮೇಲಿನ ಚಳಿಗೆ ಹೆಪ್ಪುಗಟ್ಟಿ ನಿಲ್ಲುತ್ತದೆ ಎಂದು ತಿಳಿಹೇಳುತ್ತಿದ್ದರು. ಅದು ಬೇಗ ಕರಗಿದರೆ, ಅಗಲವಾಗಿ ಹರಡಿದರೆ, ಸುರುಳಿ ಸುತ್ತಿಕೊಂಡರೆ, ಪ್ರತಿಯೊಂದಕ್ಕೂ ಮೂರು ಕಾರಣ. ಮೂರಕ್ಕೂ ‘ಬಹುದು’. ಈ ಚಾಳಿ ಆಕಾಶಕ್ಕೆ ಮಾತ್ರ ಸೀಮಿತವೆಂದುಕೊಂಡಿರಾ? ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾದರೆ, ಅತ್ತಿಗೆ ಎರಡು ಸಲ ಹಾಕಿರಬಹುದು, ನೀರು ಕಡಿಮೆ ಬಿದ್ದಿರಬಹುದು, ನನ್ನ ನಾಲಿಗೆಯೇ ಕೆಟ್ಟಿರಬಹುದು ಎನ್ನುವರು. ಅಮ್ಮ ಮೂರನೆಯದನ್ನು ತಕ್ಷಣ ಒಪ್ಪಿಕೊಳ್ಳುತ್ತಿದ್ದಳು.

ನಾವು ನಗುತ್ತಿದ್ದೆವು, ನಿಜ. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎಂದು ಆ ಮನುಷ್ಯ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಬೀದಿಗೊಬ್ಬ ಸರ್ವಜ್ಞನಿದ್ದ ನಮ್ಮ ಊರಿನಲ್ಲಿ ಇದೇನು ಸಣ್ಣ ಮಾತೆ?

ಅಷ್ಟಗ್ರಹಕೂಟ ಬಂದು ಹೋದ ವರ್ಷ. ಪ್ರಪಂಚವೇನೂ ಮುಳುಗಲಿಲ್ಲ, ಜನರ ಹೆದರಿಕೆ ಮಾತ್ರ ಹೋಗಿರಲಿಲ್ಲ. ಆಗಲೇ ನನಗೆ ಗಂಡು ನೋಡುತ್ತಿದ್ದರು. ಮೊದಲು ಬಂದವರು ಹಲ್ಲಿ ಲೊಚಗುಟ್ಟಿತೆಂದು ಬೇಡ ಎಂದರು. ಎರಡನೆಯವರಿಗೆ ಬೆಕ್ಕು ಅಡ್ಡ ಬಂತು. ಮೂರನೆಯವರೂ ಹೀಗೇ ಹಿಂದಿರುಗಿದರೆ ‘ಅಪಶಕುನದ ಹುಡುಗಿ’ ಎಂಬ ಹೆಸರು ನನಗೆ ಅಂಟಿಬಿಡುತ್ತಿತ್ತು. ಅಪ್ಪ ಅದೇ ಕೊರಗಿನಲ್ಲಿ ಅರ್ಧವಾಗಿದ್ದರು.

ಮೂರನೆಯವರು ವಿಲ್ಸನ್ ಗಾರ್ಡನ್ನಿನವರು. ಸಂಜೆ ನಾಲ್ಕಕ್ಕೆ ಗೇಟಿನ ಮುಂದೆ ಜಟಕಾ ಇಳಿದರು. ಸ್ವಾಗತಕ್ಕೆ ನಿಲ್ಲಿಸಿದ್ದ ಚಿಕ್ಕಪ್ಪ ಕೈ ಮುಗಿದೇ ಇದ್ದರು, ಆದರೆ ಮುಖ ಮಾತ್ರ ಮೇಲೆ! ಒಬ್ಬರು ಮೇಲೆ ನೋಡಿದರೆ ಎದುರಿಗಿದ್ದವರು ನೋಡದೆ ಇರುತ್ತಾರೆಯೆ? ಹುಡುಗನ ತಂದೆಯೂ ನೋಡಿದರು. ವಿಮಾನದ ಹಿಂದೆ ಎಂದಿನ ಬಿಳಿ ಗೆರೆ. ವಿಮಾನದ ಮುಂದೆ, ಅದು ಇನ್ನೂ ಹೋಗದ ದಾರಿಯಲ್ಲಿ, ನೆಟ್ಟಗೆ ಒಂದು ಕರಿ ಗೆರೆ! ಅಂಥದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

“ಯಾಕೋ ಸರಿ ಕಾಣ್ತಿಲ್ಲ. ಇನ್ನೊಂದಿನ ಬರ್ತೀವಿ” ಎಂದು ಅವರು ಮತ್ತೆ ಜಟಕಾದ ಕಡೆಗೆ ತಿರುಗಿದರು. ಅಪ್ಪನ ಮುಖ ಬಿಳಿಚಿಕೊಂಡಿತು. ಚಿಕ್ಕಪ್ಪ ಅಪ್ಪನನ್ನು ನೋಡಿದರು. ಕಿಟಕಿಯ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ಆಮೇಲೆ ಹೇಳಿದರು: “ಅದು ನೆರಳು, ಸ್ವಾಮಿ. ಬೇರೇನೂ ಅಲ್ಲ.”

ನಾನು ಎರಡನೆಯ ಕಾರಣಕ್ಕೆ ಕಾದೆ. ಬರಲಿಲ್ಲ!

ಬದಲಿಗೆ ಅವರು ಒಳಗೆ ನುಗ್ಗಿ ಲಟ್ಟಣಿಗೆ ತಂದರು. ಹುಡುಗನ ತಂದೆಯ ಹೆಗಲ ಮೇಲಿದ್ದ ಶಲ್ಯವನ್ನು ಕೇಳದೆಯೇ ಎಳೆದುಕೊಂಡರು. ಅದರ ಒಂದು ತುದಿಯನ್ನು ಹುಡುಗನ ಕೈಗೆ ಕೊಟ್ಟರು, ಇನ್ನೊಂದು ತುದಿ ಹಿಡಿಯಲು ನನ್ನನ್ನೇ ಅಂಗಳಕ್ಕೆ ಕರೆದರು. ಹೆಣ್ಣು ನೋಡುವ ಶಾಸ್ತ್ರ ಹೀಗೆ ನಡೆದದ್ದು ಎಲ್ಲಾದರೂ ಉಂಟೆ? ಶಲ್ಯವೇ ವಿಮಾನದ ಕೆಳಗೆ ಹರಡಿದ ತೆಳು ಮೋಡ, ಲಟ್ಟಣಿಗೆಯೇ ವಿಮಾನದ ಗೆರೆ. ಮೇಲೆ ಹಿಡಿದ ಲಟ್ಟಣಿಗೆಯ ನೆರಳು ಬಿಸಿಲಿಗೆ ಶಲ್ಯದ ಮೇಲೆ ಓರೆಯಾಗಿ, ಬಹಳ ಮುಂದಕ್ಕೆ ಬಿತ್ತು. ಹುಡುಗನ ತಂದೆಯನ್ನು ಶಲ್ಯದ ಕೆಳಗೆ ಬಗ್ಗಿಸಿ, ಮೇಲೆ ನೋಡಲು ಹೇಳಿ, “ಶಕುನ ಕಾಣ್ತಿದ್ಯೋ, ಲಟ್ಟಣಿಗೆ ಕಾಣ್ತಿದ್ಯೋ?” ಎಂದು ಕೇಳಿದರು. ಶಲ್ಯದ ಆ ತುದಿಯಲ್ಲಿ ಹುಡುಗ ನಗು ತಡೆಯಲಾರದೆ ಒದ್ದಾಡುತ್ತಿದ್ದ. ಈ ತುದಿಯಲ್ಲಿ ನನ್ನದೂ ಅದೇ ಪಾಡು. ಬಜ್ಜಿ ಆರುವ ಮೊದಲೇ ಮಾತು ಮುಗಿದು ತಾಂಬೂಲ ಬದಲಾಯಿತು.

ಮನೆಯಲ್ಲಿ ಎಲ್ಲರೂ ಸಡಗರಪಟ್ಟರೆ ಚಿಕ್ಕಪ್ಪ ಮಾತ್ರ ಸಪ್ಪಗಿದ್ದರು. ಮಾರನೆಯ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಎಲ್ಲಿಗೋ ಹೋದರು. ಬಂದಾಗ ಕಾಲೆಲ್ಲ ಧೂಳು. ಸುಮ್ಮನೆ ಅಡ್ಡಾಡಿ ಬಂದೆ ಎಂದರು. ನಾವು ನಂಬಿದೆವು.

ಎಲ್ಲಿಗೆ ಹೋಗಿದ್ದರೆಂದು ನನಗೆ ತಿಳಿದದ್ದು ಮದುವೆಯಾಗಿ ಎಷ್ಟೋ ಕಾಲದ ಮೇಲೆ, ಚಿಕ್ಕಪ್ಪ ತೀರಿಕೊಂಡ ಸುದ್ದಿ ಬಂದ ದಿನ. ನನ್ನ ಮಾವನವರೇ ಹೇಳಿದರು. ಅಂದು ಬೆಳಿಗ್ಗೆ ಚಿಕ್ಕಪ್ಪ ವಿಲ್ಸನ್ ಗಾರ್ಡನ್ನಿನವರೆಗೂ ನಡೆದು ಹೋಗಿ ಅವರ ಬಾಗಿಲಲ್ಲಿ ನಿಂತಿದ್ದರಂತೆ. ಒಳಗೆ ಬನ್ನಿ ಎಂದರೂ ಬರಲಿಲ್ಲವಂತೆ. ನಿನ್ನೆ ನೆರಳೇ ಎಂದು ಹೇಳಿದ್ದು ತಪ್ಪಾಯಿತು, ಬೇರೊಂದು ವಿಮಾನ ಮೊದಲೇ ಮೋಡವನ್ನು ಸೀಳಿಕೊಂಡು ಹೋದ ಸಂದಿಯೂ ಇರಬಹುದು, ಮುಂಚೆ ಹೋದ ವಿಮಾನದ ಹಳೆಯ ಗೆರೆಯೇ ಬಿಸಿಲಿಗೆ ಎದುರಾಗಿ ಕಪ್ಪಾಗಿ ಕಂಡಿರಬಹುದು ಎಂದು ತಡವರಿಸಿಕೊಂಡು ಹೇಳಿದರಂತೆ. ಸಂಬಂಧ ಮುರಿದುಬಿದ್ದರೂ ಸರಿ, ಸುಳ್ಳಿನ ಮೇಲೆ ಹುಡುಗಿಯನ್ನು ಕಳಿಸಲಾರೆ ಎಂದು ಬಂದಿದ್ದರು ಆ ಪುಣ್ಯಾತ್ಮ!

“ಇಷ್ಟು ಹೇಳಿ ಹೊರಟೋರು, ಗೇಟಿನ ಹತ್ರ ತಿರುಗಿ ನಿಂತ್ರಮ್ಮ” ಎಂದರು ಮಾವನವರು. “‘ಆ ಗೆರೆ ಏನೂಂತ ನನಗೆ ಖಾತ್ರಿ ಇಲ್ಲ. ನಮ್ಮ ಹುಡುಗಿ ವಿಷಯ ಮಾತ್ರ ಖಾತ್ರಿ ಇದೆ’ ಅಂದ್ರು. ಇನ್ನು ನಾನ್ಯಾವ ಶಕುನ ನೋಡ್ಲಿ, ಹೇಳು.”

ಮಾವನವರ ಎದುರಿಗೇ, ಸೆರಗಿನಿಂದ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ.