ಸ್ವಲ್ಪ ಪಳಗಿದ ಕುದುರೆ

ಅಂದು ಬೆಳಿಗ್ಗೆ ಕುದುರೆ, ಮದುಮಗನಿಗೆಂದು ಹೊಲಿದಿಟ್ಟ ಕೋಟಿನ ಎಡತೋಳನ್ನು ತಿಂದು ಮುಗಿಸಿತ್ತು.

ದರ್ಜಿಯ ಹೆಂಡತಿ ಆ ಕೋಟನ್ನು ಗಂಡನ ಮುಖದ ಮುಂದೆ ಹಿಡಿದಳು. "ಸಂಜೆ ದೀಪ ಹಚ್ಚೋ ಹೊತ್ತಿಗೆ ಈ ಮನೇಲಿ ಒಂದೋ ಅದಿರ್ಬೇಕು, ಇಲ್ಲ ನಾನಿರ್ಬೇಕು. ಯೋಚ್ನೆ ಮಾಡಿ ಹೇಳಿ."

ದರ್ಜಿ ಯೋಚನೆ ಮಾಡಿದ. ಮಾಡಿದ್ದೇ ತಪ್ಪಾಯಿತು. ಅವಳು ಪೆಟ್ಟಿಗೆ ತುಂಬತೊಡಗಿದಳು.

ಕುದುರೆಯೇನೂ ಸಾಮಾನ್ಯದ್ದಲ್ಲ. ಎರಡು ವರ್ಷದ ಹಿಂದೆ ಸೋದರಮಾವ ಸಾಯುವಾಗ ಇವನ ಪಾಲಿಗೆ ಬಿಟ್ಟುಹೋದ ಅಸಲಿ ಅರಬ್ಬಿ ಗಂಡುಮರಿ. ಈಗ ಅದಕ್ಕೆ ಮೂರು ವರ್ಷ. ಬೆಳ್ಳಿಯಂಥ ಮೈ, ಏಳು ಕಡಲಾಚೆಯಿಂದ ರಾಜಕುಮಾರಿಯನ್ನು ಹೊತ್ತು ತರುವಂಥ ಠೀವಿ. ಇವನಲ್ಲಿದ್ದದ್ದೋ ಒಂದು ಹೊಲಿಗೆ ಅಂಗಡಿ, ಅದರ ಹಿಂದೆ ಗೇಣಗಲದ ಅಂಗಳ. 'ಕುದುರೆ ಮಾರಾಟಕ್ಕಿದೆ, ಪ್ರದರ್ಶನಕ್ಕೆ ಯೋಗ್ಯ, ಸ್ವಲ್ಪ ಪಳಗಿದೆ' ಎಂದು ಪತ್ರಿಕೆಯಲ್ಲಿ ಹಾಕಿಸಿದ್ದ. ಅದನ್ನು ನೋಡಿ, ಕುದುರೆ ಸಾಕುವ ಧಣಿಯೊಬ್ಬರು ಮಧ್ಯಾಹ್ನ ಲಾರಿ ಸಮೇತ ಬಂದಿಳಿದರು.

ಅವರಿಗಿಂತ ಮೊದಲೇ ಪಕ್ಕದ ಮನೆ ಮೇಷ್ಟ್ರು ಬಂದು ನಿಂತಿದ್ದರು. ಕೇಳದಿದ್ದರೂ ಸತ್ಯ ಹೇಳುವ ಜೀವ ಅದು.

"ಒದೆಯುತ್ತಾ?" ಧಣಿ ಕೇಳಿದರು.

"ಛೇ, ಇಲ್ಲ ಸ್ವಾಮಿ," ಎಂದ ದರ್ಜಿ.

"ಬಲಗಾಲಲ್ಲಿ ಒದೆಯಲ್ಲ," ಎಂದರು ಮೇಷ್ಟ್ರು.

ಹಗ್ಗ ಬಿಚ್ಚಿದ್ದೇ ತಡ, ಕುದುರೆ ಕಾದೆಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯಿತು. ನೀರಿನ ಹಂಡೆ ಮಗುಚಿತು, ಬಟ್ಟೆ ಒಣಹಾಕಿದ್ದ ತಂತಿ ಹರಿಯಿತು, ಧಣಿಗಳ ಟೋಪಿ ಕುದುರೆಯ ಬಾಯಿ ಸೇರಿತು.

"ಏನ್ರೀ, ಪಳಗಿದೆ ಅಂತ ಬರ್ದಿದೀರಿ?"

"ಸ್ವಲ್ಪ ಅಂತಾನೂ ಬರ್ದಿದೀನಿ ಸ್ವಾಮಿ."

ಧಣಿ ಲಾರಿಯತ್ತ ತಿರುಗಿದರು. ಹೆಂಡತಿ ಪೆಟ್ಟಿಗೆ ಹಿಡಿದು ಹೊಸ್ತಿಲಿಗೆ ಬಂದಳು. ದರ್ಜಿಯ ಜೀವ ಬಾಯಿಗೆ ಬಂತು. ಬುದ್ಧಿಯೂ ಜೊತೆಗೇ ಬಂತು. ಹೊಲಿಗೆ ಮಿಷನ್ನನ್ನು ಅಂಗಳಕ್ಕೆ ಎಳೆತಂದು, ಕೂತು, ತುಳಿಯತೊಡಗಿದ.

ಕುದುರೆ ಗಕ್ಕನೆ ನಿಂತಿತು. ಮರಿಯಾಗಿದ್ದಾಗಿನಿಂದ ಆ ಸದ್ದಿನ ಪಕ್ಕದಲ್ಲೇ ಬೆಳೆದದ್ದು. ಅದು ಕಲಿತ ವಿದ್ಯೆಯೂ ಅದೊಂದೇ. ಕತ್ತು ಬಿಲ್ಲಾಯಿತು, ಬಾಲ ಬಾವುಟವಾಯಿತು.

ಧಣಿಗಳ ಕಣ್ಣು ಒದ್ದೆಯಾದವು. "ಆ ಮಿಷನ್ನೂ ಸೇರ್ಸಿ ಕೊಡ್ತೀರಾ?"

"ದಾರದುಂಡೆನೂ ತಗೊಳ್ಳಿ ಸ್ವಾಮಿ."

ಲಾರಿ ತಿರುವಿನಲ್ಲಿ ಮರೆಯಾಯಿತು. ಹೆಂಡತಿ ಪೆಟ್ಟಿಗೆ ಕೆಳಗಿಟ್ಟಳು. ದರ್ಜಿ ಎರಡು ವರ್ಷದಲ್ಲಿ ಮೊದಲ ಸಲ ಅಂಗಳದಲ್ಲಿ ಕಾಲು ಚಾಚಿ ಮಲಗಿದ. ಏನು ಹಗುರ, ಏನು ಸುಖ.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಲಾರಿ ವಾಪಸು ಬಂತು, ಕುದುರೆ ಸಮೇತ.

"ಧಣಿಗಳು ತುಳಿದ್ರು, ನಾನು ತುಳಿದೆ, ಅವರತ್ತೇನೂ ತುಳಿದ್ರು," ಎಂದ ಡ್ರೈವರ್. "ನಿಲ್ಲಲ್ಲ ಅಣ್ಣ. ತುಳಿಯೋ ಕಾಲು ನಿಮ್ದೇ ಆಗ್ಬೇಕಂತೆ. ನೀವು ಬರೋದಾದ್ರೆ ಕರ್ಕೊಂಡು ಬಾ, ಇಲ್ಲಾಂದ್ರೆ ಕುದುರೆ ಇಳಿಸಿ ಬಾ ಅಂದಿದಾರೆ."

"ಎಷ್ಟು ದಿನಕ್ಕೆ?"

"ಪ್ರದರ್ಶನ ಎಲ್ಲ ಮುಗಿಯೋಕೆ ಎರಡು ವರ್ಷ. ಮಲಗೋದು ಲಾಯದಲ್ಲೇ, ಇದರ ಪಕ್ಕ."

ದರ್ಜಿ ಹೆಂಡತಿಯತ್ತ ನೋಡಿದ. "ಏನ್ಮಾಡ್ಲಿ, ಯೋಚ್ನೆ ಮಾಡಿ ಹೇಳೇ."

ಅವಳು ಯೋಚನೆ ಮಾಡಲಿಲ್ಲ. ಬೆಳಗಿನ ಪೆಟ್ಟಿಗೆಯಿಂದ ತನ್ನ ಬಟ್ಟೆ ತೆಗೆದು, ಅವನ ಅಂಗಿಗಳನ್ನು ಮಡಿಸಿ ತುಂಬಿಕೊಟ್ಟಳು.

ಲಾರಿ ಹೊರಟಿತು. ಹಿಂದೆ ಕೂತ ದರ್ಜಿಯ ಎಡತೋಳಿಗೆ ಬಾಯಿ ಹಾಕುತ್ತ ಕುದುರೆ ನಿರಾಳವಾಗಿ ಉಸಿರುಬಿಟ್ಟಿತು. ಹೊಸ್ತಿಲಲ್ಲಿ ಹೆಂಡತಿಯೂ.