‘ಬರ್ತೀನಿ’ಯ ವಿಕಾಸವಾದ

ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ “ಹೋಗ್ತೀನಿ” ಅನ್ನುವುದಿಲ್ಲ. ಚಪ್ಪಲಿ ಮೆಟ್ಟಿಯಾಗಿರುತ್ತದೆ, ಒಂದು ಕಾಲು ಹೊಸ್ತಿಲಿನ ಆಚೆ ಇರುತ್ತದೆ, ರಸ್ತೆ ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ, ಆದರೂ ಬಾಯಲ್ಲಿ ಬರುವ ಮಾತು “ಬರ್ತೀನಿ”. ಒಳಗಿರುವವರೂ “ಹೋಗು” ಎಂದು ಬಿಟ್ಟುಬಿಡುವುದಿಲ್ಲ. “ಹೋಗಿ ಬಾ” ಅನ್ನುತ್ತಾರೆ. ಹೋಗುವವನು ಬರುತ್ತೇನೆ ಎನ್ನುವುದು, ಕೇಳಿದವರು ನಿಶ್ಚಿಂತೆಯಿಂದ ಬಾಗಿಲು ಹಾಕಿಕೊಳ್ಳುವುದು, ಇದರಲ್ಲಿ ನನಗೆ ಐವತ್ತನಾಲ್ಕು ವರ್ಷ ಯಾವ ತಪ್ಪೂ ಕಂಡಿರಲಿಲ್ಲ. ಕಂಡದ್ದು ಐವತ್ತೈದನೆಯ ವರ್ಷದಲ್ಲಿ, ಅದೂ ಒಂದು ತರಬೇತಿ ಶಿಬಿರದ ದೆಸೆಯಿಂದ. ನನ್ನ ಸಂಸಾರ ಹಳ್ಳ ಹಿಡಿದದ್ದೂ ಅದೇ ವರ್ಷ ಎಂದು ಮೊದಲೇ ಹೇಳಿಬಿಡುತ್ತೇನೆ. ನಗಲಿಕ್ಕೆಂದು ಕೂತವರು ಈಗಲೇ ನಕ್ಕುಬಿಡುವುದು ಒಳ್ಳೆಯದು.

ನಾನು ಅರಸೀಕೆರೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಇಪ್ಪತ್ತೆಂಟು ವರ್ಷ ಕಪ್ಪು ಹಲಗೆಯ ಮೇಲೆ ಕಪ್ಪೆಯ ಕರುಳು ಬರೆದು ಅಳಿಸಿದವನು. ಇಂಥವನನ್ನು ಹಾಸನದ ಶಿಬಿರಕ್ಕೆ ಕಳಿಸಿದರು. ಮಧ್ಯಾಹ್ನ ಊಟವಾಗಿ ಎಲ್ಲರೂ ತೂಕಡಿಸುವ ಹೊತ್ತಿಗೆ ಒಬ್ಬ ತಜ್ಞರು ಎದ್ದು, ವಿಕಾಸವಾದದಿಂದ ಮನುಷ್ಯನ ಮನಸ್ಸನ್ನು ವಿವರಿಸುವ ಹೊಸ ಶಾಸ್ತ್ರವೊಂದರ ಬಗ್ಗೆ ಮಾತಾಡಿದರು. ನಮ್ಮ ಮೈ ಮಾತ್ರ ಇಲ್ಲಿಗೆ ಬಂದು ಸಂಬಳ ತೆಗೆದುಕೊಳ್ಳುತ್ತಿದೆ, ಮನಸ್ಸು ಇನ್ನೂ ಆಫ್ರಿಕಾದ ಹುಲ್ಲುಗಾವಲಿನಲ್ಲೇ ಅಲೆಯುತ್ತಿದೆ ಎಂಬುದು ಅವರ ಮಾತಿನ ಸಾರ. ಹುಲ್ಲು ಅಲ್ಲಾಡಿತು ಅನ್ನಿ. ಗಾಳಿ ಎಂದುಕೊಂಡು ಕೂತ ಆದಿಮಾನವ ಹತ್ತು ಸಲ ಜಾಣ, ಹನ್ನೊಂದನೆಯ ಸಲ ಚಿರತೆಯ ಬಾಯಿಗೆ. ಚಿರತೆ ಎಂದುಕೊಂಡು ಓಡಿದವನು ಹತ್ತು ಸಲ ಪೆದ್ದ, ಹನ್ನೊಂದನೆಯ ಸಲ ಬದುಕಿಕೊಂಡು ಮಕ್ಕಳನ್ನು ಹುಟ್ಟಿಸಿದ. ನಾವೆಲ್ಲ ಆ ಪುಕ್ಕಲನ ಸಂತಾನ. ಇಲ್ಲದ್ದು ಕಾಣುವುದು, ಆಡದ ಮಾತು ಕೇಳುವುದು ನಮಗೆ ಹುಟ್ಟಿನಿಂದ ಬಂದ ಗುಣ. ದೆವ್ವ, ಶಕುನ, ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟುವುದು, ಎಲ್ಲಕ್ಕೂ ಬೇರು ಅಲ್ಲಿದೆ. ನನ್ನ ನಿದ್ದೆ ಹಾರಿಹೋಯಿತು. ವಾಪಸು ಬಂದವನೇ ಆ ಶಾಸ್ತ್ರದ ಒಂದು ದಪ್ಪ ಪುಸ್ತಕ ತರಿಸಿಕೊಂಡೆ.

ಪುಸ್ತಕ ಮುಗಿಯುವ ಮೊದಲೇ ಜಗತ್ತು ನನಗೆ ಅರ್ಥವಾಗಿಬಿಟ್ಟಿತ್ತು. ಪ್ರಿನ್ಸಿಪಾಲರು ಮೇಜು ಗುದ್ದಿದರೆ ಗಂಡು ಗೊರಿಲ್ಲ ಎದೆ ಬಡಿದುಕೊಂಡಂತೆ ಕಾಣುತ್ತಿತ್ತು. ಸ್ಟಾಫ್ ರೂಮಿನ ಚಾಡಿಮಾತು ಕೇಳಿದರೆ ಕೋತಿಗಳು ಒಂದರ ತಲೆಯ ಹೇನನ್ನು ಇನ್ನೊಂದು ಹೆಕ್ಕುವುದು ನೆನಪಾಗುತ್ತಿತ್ತು. ಕನ್ನಡ ಮೇಷ್ಟ್ರು ರಂಗಸ್ವಾಮಿ ನನ್ನ ಜೊತೆಯಲ್ಲೇ ಓದಿದವನು. ಅವನು ಯಾರದೋ ಬೀಳ್ಕೊಡುಗೆಯಲ್ಲಿ ಮೂರನೆಯ ಲಾಡುವಿಗೆ ಕೈ ಹಾಕಿದಾಗ, “ಇದು ನಿನ್ನ ತಪ್ಪಲ್ಲ, ಸಿಹಿ ಅಪರೂಪವಾಗಿದ್ದ ಕಾಲದ ಆಸೆ” ಎಂದು ಸಮಾಧಾನ ಹೇಳಿದೆ. ಅವನು ಲಾಡು ವಾಪಸು ಇಟ್ಟ. “ಇದು ಸಂಯಮ ತೋರಿಸಿ ಗುಂಪಿನಲ್ಲಿ ಮರ್ಯಾದೆ ಗಿಟ್ಟಿಸುವ ತಂತ್ರ, ಇದೂ ವಿಕಾಸದ್ದೇ” ಎಂದೆ. ರಂಗಸ್ವಾಮಿ ನನ್ನನ್ನೇ ನೋಡಿದ. “ಏನ್ಲಾ, ತಿಂದ್ರೂ ನಿಂದೇ ಸರಿ, ಬಿಟ್ರೂ ನಿಂದೇ ಸರಿ. ಇದಕ್ಕಿಂತ ನಮ್ಮೂರ ಜೋಯಿಸ್ರು ವಾಸಿ ಕಣೋ. ಅವರು ಹೇಳಿದ್ದು ಒಂದೊಂದ್ಸಲ ತಪ್ಪಾದ್ರೂ ಆಗುತ್ತೆ” ಅಂದು, ಲಾಡನ್ನು ಮತ್ತೆ ಎತ್ತಿಕೊಂಡು ತಿಂದ. ನನಗೆ ಉರಿದುಹೋಯಿತು. ಅಸೂಯೆಗೂ ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು, ಅವನನ್ನು ಅದರೊಳಗೆ ಹಾಕಿ ಮುಚ್ಚಿದೆ. ಹುಡುಗರು ಆಗಲೇ ನನಗೆ ‘ಶಿಲಾಯುಗ’ ಎಂದು ಹೆಸರಿಟ್ಟಿದ್ದರಂತೆ. ಎಲ್ಲರೂ ಗುಹೆಯಿಂದ ಬಂದವರು, ನಾನೊಬ್ಬ ಮಾತ್ರ ನೇರವಾಗಿ ಹಾಸನದ ಶಿಬಿರದಿಂದ ಬಂದವನು ಎಂಬಂತೆ ಓಡಾಡುತ್ತಿದ್ದೆ.

ನನ್ನ ಹೆಂಡತಿ ಜಯ ಹಳೇಬೀಡಿನಲ್ಲಿ ಪ್ರೈಮರಿ ಶಾಲೆಯ ಟೀಚರು. ದಿನಾ ಬೆಳಿಗ್ಗೆ ಏಳೂವರೆಗೆ ಹೊರಟು ಬಸ್ಸು ಹಿಡಿಯುವವಳು. ಅವಳಿಗೊಬ್ಬ ಅಕ್ಕ, ಬಾಣಾವರದಲ್ಲಿ, ಕಮಲಕ್ಕ ಎಂದು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಾಗ ತಂಗಿಯನ್ನು ಸಾಕಿದವಳು ಆಕೆ. ಅಂಚೆ ಕಚೇರಿಯಲ್ಲಿ ದುಡಿದು, ಮದುವೆಯ ಗೋಜಿಗೆ ಹೋಗದೆ, ಈಗ ನಿವೃತ್ತಿಯಾಗಿದ್ದಾಳೆ. ಒಂದು ಭಾನುವಾರ ಈ ಇಬ್ಬರನ್ನೂ ಕರೆದುಕೊಂಡು ಬೇಲೂರಿಗೆ ಹೋಗಿದ್ದೆ. ದೇವಸ್ಥಾನದಲ್ಲಿ ಕನ್ನಡಿ ಹಿಡಿದು ನಿಂತ ಮದನಿಕೆಯ ಕೆಳಗೆ ನನ್ನ ಪಾಠ ಶುರುವಾಯಿತು. ಸೊಂಟ ಸಣ್ಣ, ಕೆಳಗೆ ಅಗಲ, ಇದು ಆರೋಗ್ಯವಂತ ಸಂತಾನದ ಸೂಚನೆ, ಗಂಡಿನ ಕಣ್ಣು ಸೌಂದರ್ಯ ಎಂದು ಕರೆಯುವುದು ಇದನ್ನೇ, ಶಿಲ್ಪಿಗೆ ಗೊತ್ತಿಲ್ಲದೆ ಅವನ ಜೀನುಗಳೇ ಉಳಿ ಹಿಡಿದಿದ್ದವು ಎಂದೆಲ್ಲ ವಿವರಿಸಿದೆ. ಪಕ್ಕದಲ್ಲಿ ಬೇರೆ ಯಾರಿಗೋ ವಿಗ್ರಹ ತೋರಿಸುತ್ತಿದ್ದ ವಯಸ್ಸಾದ ಗೈಡು ಅಷ್ಟನ್ನೂ ಕೇಳಿಸಿಕೊಂಡು, “ಸಾ, ಆವಮ್ಮ ಕನ್ನಡೀಲಿ ತನ್ನ ಮುಖ ತಾನು ನೋಡ್ಕಂತಾವ್ಳೆ. ನಿಮ್ಮನ್ನ ನೋಡೋಕೆ ಅವ್ಳಿಗೆ ಪುರುಸೊತ್ತಿಲ್ಲ” ಅಂದ. ಜಯ ನಕ್ಕಳು. ಅಕ್ಕನ ಭುಜ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ಮೇಲೆ ಮೇಲೆ ನಕ್ಕೆ. ಒಳಗೆ ಮಾತ್ರ ಆ ನಗುವನ್ನು ಕ್ಷಮಿಸಲಿಲ್ಲ.

ಅದಾದ ವಾರದಲ್ಲೇ ಒಂದು ಬೆಳಿಗ್ಗೆ ಅವಳು ಬ್ಯಾಗು ಹೆಗಲಿಗೇರಿಸಿ “ಬರ್ತೀನಿ ರೀ” ಅಂದಾಗ, ಹೊಸ್ತಿಲಲ್ಲೇ ನಿಲ್ಲಿಸಿ ಆ ಮಾತಿನ ಹುಟ್ಟನ್ನು ವಿವರಿಸಿದೆ. ಗುಹೆಯಿಂದ ಹೊರಟವನು ವಾಪಸು ಬರುವ ಖಾತ್ರಿ ಇರಲಿಲ್ಲ, ಅದಕ್ಕೇ ಈ ಮಂತ್ರ, ಇದು ಬರಿ ಹೆದರಿಕೆ ಎಂದೆ. “ಬಸ್ಸು ಹೋಗುತ್ತೆ ರೀ” ಅಂದು ಅವಳು ಓಡಿದಳು. ಮರುದಿನದಿಂದ ಕಾಲೇಜಿನಲ್ಲಿ ಬೆಳಗಿನ ವಿಶೇಷ ತರಗತಿಗಳಿದ್ದವು. ಅವಳಿಗಿಂತ ಮೊದಲು ಹೊರಟವನು, ವಿಚಾರವಂತನಾದ ಮೇಲೆ ನುಡಿದಂತೆ ನಡೆಯಬೇಕಲ್ಲ ಎಂದು, ಗಟ್ಟಿಯಾಗಿ “ಹೋಗ್ತೀನಿ” ಅಂದೆ. ಜಯ ಅಡುಗೆಮನೆಯಿಂದ ಧಾವಿಸಿ ಬಂದಳು. “ಅಯ್ಯೋ, ಏನ್ರೀ ಅದು ಮಾತು? ಒಳಗೆ ಬನ್ನಿ. ಕೂತ್ಕೊಳ್ಳಿ. ನೀರು ಕುಡೀರಿ. ಈಗ ಸರಿಯಾಗಿ ಹೇಳಿ ಹೊರಡಿ.” ಕೂತೆ, ಕುಡಿದೆ, ಎದ್ದು ಮತ್ತೆ “ಹೋಗ್ತೀನಿ” ಅಂದೆ. ಹೀಗೆ ಒಂದು ವಾರ. ಅವಳು ದಿನಾ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು, ನಾನು ದಿನಾ ನೀರು ಕುಡಿದು ಹೋಗ್ತೀನಿ ಎನ್ನುತ್ತಿದ್ದೆ. ಎಂಟನೆಯ ದಿನ ಬಾಗಿಲಲ್ಲಿ ಲೋಟವೂ ಇರಲಿಲ್ಲ, ಅವಳೂ ಇರಲಿಲ್ಲ. ಗೆದ್ದೆ ಎಂದುಕೊಂಡೆ. ಹೆಂಡತಿ ಸುಮ್ಮನಾದರೆ ಅದು ಸೋಲಲ್ಲ ಎಂದು ತಿಳಿಯುವ ಅಂಗ ನನ್ನಲ್ಲಿ ಇನ್ನೂ ವಿಕಾಸವಾಗಿರಲಿಲ್ಲ.

ಅಷ್ಟರಲ್ಲಿ ಕಮಲಕ್ಕ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಮೂರು ತಿಂಗಳು ಯಾರಾದರೂ ಜೊತೆಗಿರಬೇಕು ಅಂದರು ಡಾಕ್ಟರು. “ನಾನೇ ಹೋಗಿ ಇರ್ತೀನಿ ರೀ. ಬಾಣಾವರದಿಂದ ಜಾವಗಲ್ ಮೇಲೆ ಹಳೇಬೀಡಿಗೆ ಬಸ್ಸಿದೆ. ಸ್ಕೂಲಿಗೂ ತೊಂದರೆ ಆಗಲ್ಲ” ಅಂದಳು ಜಯ. ಹೋಗಿ ಬಾ ಎಂದಿದ್ದರೆ ಮುಗಿದುಹೋಗುತ್ತಿತ್ತು. ನನಗೆ ತಟ್ಟಿದ್ದು ಬೆಳಗಿನ ಕಾಫಿ, ಮಧ್ಯಾಹ್ನದ ಡಬ್ಬಿ. ಮೂರು ತಿಂಗಳು ಅವೆರಡೂ ಇಲ್ಲ. ಆದರೆ ವಿಜ್ಞಾನದ ಮೇಷ್ಟ್ರು ಕಾಫಿಗೋಸ್ಕರ ಹೆಂಡತಿಯನ್ನು ತಡೆದ ಅನ್ನಿಸಿಕೊಳ್ಳುವುದಕ್ಕೆ ನಾಚಿಕೆಯಾಯಿತು. ಹಾಗಾಗಿ ವಿಜ್ಞಾನವನ್ನೇ ಮುಂದೆ ಮಾಡಿದೆ. ಬೇಲೂರಿನ ನಗುವೂ ಇನ್ನೂ ಒಳಗೆ ಕುಟುಕುತ್ತಿತ್ತು.

“ನೀನು ಪ್ರೀತಿಯಿಂದ ಹೋಗ್ತಿದೀನಿ ಅಂದ್ಕೊಂಡಿದೀಯ. ಅದಲ್ಲ. ಅಕ್ಕತಂಗಿಯರಲ್ಲಿ ಅರ್ಧದಷ್ಟು ಜೀನು ಒಂದೇ. ನಿನ್ನ ಜೀನು ತನ್ನನ್ನ ತಾನೇ ಕಾಪಾಡ್ಕೊಳ್ತಿದೆ, ಅಷ್ಟೇ. ಅವಳು ನಿನ್ನನ್ನ ಸಾಕಿದ್ದೂ ಅದಕ್ಕೇ” ಎಂದೆ.

ಜಯ ಸೀರೆ ಮಡಚುತ್ತಿದ್ದಳು. “ಅಂದ್ರೆ ಅಕ್ಕ ನನಗೆ ಅರ್ಧ.”

“ಹೌದು.”

“ನೀವು ನನಗೆ ಎಷ್ಟು?”

ಸಾಧಾರಣ ಬುದ್ಧಿಯ ಯಾವ ಗಂಡನಿಗಾದರೂ ಇಲ್ಲಿ ಹುಲ್ಲು ಅಲ್ಲಾಡಿದ್ದು ಕಾಣಬೇಕಿತ್ತು. ಧಾರಾಳವಾಗಿ ಅಲ್ಲಾಡಿತ್ತು. ನಾನು ಗಾಳಿ ಎಂದುಕೊಂಡೆ. ಹುಡುಗರು ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಹೇಳಬೇಕು ಎಂಬ ಇಪ್ಪತ್ತೆಂಟು ವರ್ಷದ ಅಭ್ಯಾಸ ಬೇರೆ. “ಶೂನ್ಯ” ಅಂದೆ. ಅಷ್ಟಕ್ಕೆ ಬಿಡದೆ, “ಮಕ್ಕಳಿದ್ದಿದ್ರೆ ಅವರ ಮೂಲಕ ಏನೋ ಒಂದು...” ಎಂದು ಶುರುಮಾಡಿ, ಮಾತು ಅರ್ಧಕ್ಕೆ ನಿಲ್ಲಿಸಿದೆ. ನಿಲ್ಲಿಸಿ ಪ್ರಯೋಜನವಿರಲಿಲ್ಲ.

ನಮಗೆ ಮಕ್ಕಳಿಲ್ಲ. ಮದುವೆಯಾದ ಹೊಸದರಲ್ಲಿ ಹಾಸನಕ್ಕೆ ಅಲೆದಲೆದು ಪರೀಕ್ಷೆ ಮಾಡಿಸಿದೆವು. ಕೊರತೆ ನನ್ನಲ್ಲಿ ಎಂದು ಗೊತ್ತಾಯಿತು. ಆಮೇಲೆ ಮದುವೆ ಮುಂಜಿಗಳಲ್ಲಿ, ನಾಮಕರಣಗಳಲ್ಲಿ ಯಾರು ಕೆದಕಿ ಕೇಳಿದರೂ ಜಯ, “ನನ್ನಿಂದಲೇ ಆಗ್ಲಿಲ್ಲ” ಎನ್ನುತ್ತಾ ಬಂದಳು. ಇಪ್ಪತ್ತೈದು ವರ್ಷ. ನನ್ನ ಸ್ವಂತ ತಾಯಿ ಅವಳನ್ನು ತೊಟ್ಟಿಲ ಹತ್ತಿರ ಬಿಟ್ಟುಕೊಳ್ಳದ ದಿನವೂ ಹಾಗೇ ಅಂದಳು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ, ತಿದ್ದಲಿಲ್ಲ. ಇದಕ್ಕೆ ಆ ದಪ್ಪ ಪುಸ್ತಕದ ಯಾವ ಪುಟದಲ್ಲಿ ವಿವರಣೆ ಇದೆಯೋ ನಾನು ಹುಡುಕಿಲ್ಲ. ಹುಡುಕಿದರೆ ಸಿಕ್ಕಿಬಿಡುತ್ತದೆ ಎಂದು ಭಯ.

ಜಯ ಅಳಲಿಲ್ಲ, ಕೂಗಾಡಲಿಲ್ಲ. ಸೀರೆ ಮಡಚುವುದು ಮುಗಿಸಿದಳು. ಮರುದಿನ ಬೆಳಿಗ್ಗೆ ಸೂಟ್‌ಕೇಸು ಹೊರಗಿಟ್ಟು, ಫಿಲ್ಟರಿಗೆ ಪುಡಿ ಹಾಕಿರುವುದನ್ನೂ ಹಾಲು ಫ್ರಿಜ್ಜಿನಲ್ಲಿರುವುದನ್ನೂ ತಿಳಿಸಿ, ಹೊಸ್ತಿಲು ದಾಟಿದ ಮೇಲೆ ತಿರುಗಿ ನಿಂತು, “ಹೋಗ್ತೀನಿ” ಅಂದಳು.

ಒಂದು ಕ್ರಿಯಾಪದ. ಇದರಲ್ಲಿ ಏನಿದೆ ಎಂದು ವಾರವೆಲ್ಲ ಪಾಠ ಮಾಡಿದವನು ನಾನೇ. ನೀರಿನ ಲೋಟ ತರಲು ಒಳಗೆ ಓಡಿದೆ. ತರುವಷ್ಟರಲ್ಲಿ ಆಟೋ ಹೋಗಿಯಾಗಿತ್ತು. ಆ ನೀರನ್ನು ನಾನೇ ಕುಡಿದೆ.

ಮೂರು ತಿಂಗಳು ಎಂದದ್ದು ಐದಾಯಿತು. ಕಮಲಕ್ಕ ವಾಕರ್ ಬಿಟ್ಟು ಕೋಲು ಹಿಡಿದು ಓಡಾಡುವಂತಾದಳು ಎಂದು ಸುದ್ದಿ ಬಂತು, ಜಯ ಬರಲಿಲ್ಲ. ಫೋನು ಮಾಡಿದರೆ, “ಹಾಲು ಕಾಯಿಸಿದ್ರಾ? ಬಿ.ಪಿ. ಮಾತ್ರೆ ತಗೊಂಡ್ರಾ?” ಎಂದು ಕೇಳಿ ಇಡುತ್ತಿದ್ದಳು. ಶೂನ್ಯಕ್ಕೆ ಇಷ್ಟು ವಿಚಾರಣೆ ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ರಂಗಸ್ವಾಮಿ ವಿಷಯ ತಿಳಿದು, “ಹೋಗಿ ಕರ್ಕೊಂಡ್ ಬಾ ಕಣೋ. ಪುಸ್ತಕ ಮಾತ್ರ ಮನೇಲಿಟ್ಟು ಹೋಗು” ಅಂದ. ಮೊನ್ನೆ ಭಾನುವಾರ, ಬೇಟೆ ಹೊತ್ತು ತರುವ ಆದಿಮಾನವನಂತೆ ಒಂದು ಡಜನ್ ಬಾಳೆಹಣ್ಣು ಹಿಡಿದು, ಪ್ಯಾಸೆಂಜರ್ ರೈಲಿನಲ್ಲಿ ಬಾಣಾವರಕ್ಕೆ ಹೋದೆ.

ಕಮಲಕ್ಕ ಜಗುಲಿಯಲ್ಲೇ ಕೂತಿದ್ದಳು. “ಬನ್ನಿ ಮೇಷ್ಟ್ರೇ. ಅದೇನೋ ನಾನು ಅರ್ಧ ಅಂತೆ? ಮುರಿದಿರೋ ಕಾಲು ಸೇರಿಸಿ ಹೇಳಿದ್ರೋ, ಕಳೆದು ಹೇಳಿದ್ರೋ?” ಅಂದಳು. ಅಂದವಳ ಮುಖದಲ್ಲಿ ನಗುವಿತ್ತು, ಅದೇ ನನಗೆ ಹೆಚ್ಚು ಚುಚ್ಚಿತು. ಜಯ ಒಳಗಿನಿಂದ ಬಂದು, “ಯಾವಾಗ ಬಂದ್ರಿ? ಕೂತ್ಕೊಳ್ಳಿ” ಅಂದಳು. ಕಾಫಿ ತಂದಳು. ಮನೆಯ ಸ್ಟೀಲ್ ಲೋಟದಲ್ಲಲ್ಲ, ನೆಂಟರಿಗೆ ಕೊಡುವ ಕಪ್-ಸಾಸರಿನಲ್ಲಿ. “ಸಕ್ಕರೆ ಸಾಕಾ?” ಎಂದು ಕೇಳಿದಳು. ಇಪ್ಪತ್ತೇಳು ವರ್ಷ ನನಗೆ ಕಾಫಿ ಕೊಟ್ಟವಳು ಸಕ್ಕರೆ ಸಾಕಾ ಎಂದು ಕೇಳಿದಳು. ತಪ್ಪಾಯಿತು ಎನ್ನಬೇಕೆಂದು ರೈಲಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಮಳೆ ಬಂತಾ ಇಲ್ಲಿ ಎಂದು ಕೇಳಿದೆ. ಬಂತು ಅಂದಳು.

ಹೊರಡುವ ಹೊತ್ತಾಯಿತು. ಅವಳು ಗೇಟಿನ ತನಕ ಬಂದಳು. ನಾನು ಚಪ್ಪಲಿ ಮೆಟ್ಟಿ, ಗಂಟಲು ಸರಿಮಾಡಿಕೊಂಡು, “ಜಯಾ, ಬರ್ತೀನಿ” ಅಂದೆ. ಅದರಲ್ಲಿ ನನ್ನ ಕ್ಷಮಾಪಣೆಯನ್ನೆಲ್ಲ ತುರುಕಿದ್ದೆ. ಇನ್ಯಾವುದರಲ್ಲೂ ಹೇಳುವ ಯೋಗ್ಯತೆ ಇಲ್ಲದೆ ಆ ಒಂದು ಮಾತಿನಲ್ಲಿ ಹೇಳಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ, “ಹ್ಞೂಂ, ಹೋಗಿ” ಅಂದು ಗೇಟು ಹಾಕಿದಳು. ಹಳೆಯ ಕಬ್ಬಿಣದ ಗೇಟು, ಕಿರ್ರೆಂದಿತು.

ಬಾಣಾವರದ ಪ್ಲಾಟ್‌ಫಾರಂನಲ್ಲಿ ಕೂತು ಎಷ್ಟೋ ಹೊತ್ತು ಯೋಚಿಸಿದೆ. “ಹೋಗಿ” ಎಂದಾದ ಮೇಲೆ ಅವಳ ತುಟಿ ಇನ್ನೊಂದು ಸಲ ಅಲ್ಲಾಡಿತು. ಗೇಟಿನ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ, ಆದರೆ ಆ ಸದ್ದಿನೊಳಗೆ “ಬನ್ನಿ” ಅಂದದ್ದು ಖಂಡಿತ. ನನಗೆ ಕೇಳಿಸಿತು. ಹುಲ್ಲು ಅಲ್ಲಾಡಿದರೆ ಸಾಕು, ಇಲ್ಲದ್ದೆಲ್ಲ ಕೇಳಿಸಿಕೊಳ್ಳುವ ಪುಕ್ಕಲರ ಸಂತಾನ ನಾವು ಎಂದು ಊರಿಗೆಲ್ಲ ಪಾಠ ಹೇಳಿದವನಿಗೆ ಇದರ ಅರ್ಥ ಗೊತ್ತಿಲ್ಲವೆಂದಲ್ಲ. ಆದರೂ ಮುಂದಿನ ಭಾನುವಾರಕ್ಕೆ ಬಾಳೆಹಣ್ಣು ಹೇಳಿಟ್ಟಿದ್ದೇನೆ.